ಆಕ್ಸ್‌ಫರ್ಡ್‌ನಲ್ಲಿ ಕಾಲೇಜು ಯಾರ ಅಧೀನ?

ಆಕ್ಸ್‌ಫರ್ಡ್‌ನಲ್ಲಿ ಪದವಿ ಓದಬೇಕೆಂದು ಅರ್ಜಿ ತುಂಬುವ ನಮ್ಮ ಮಕ್ಕಳು ಒಂದು ಕಡೆ ತಡವರಿಸುತ್ತಾರೆ. ವಿಷಯ ಗಣಿತ ಅಂತಲೋ ಇತಿಹಾಸ ಅಂತಲೋ ಬರೆದಾಗಿರುತ್ತದೆ. ಮುಂದಿನ ಪ್ರಶ್ನೆ: ಯಾವ ಕಾಲೇಜು? ಬೇಲಿಯಲ್, ಮರ್ಟನ್, ವಾಡಮ್, ಸೋಮರ್‌ವಿಲ್ ಎಂದು ಉದ್ದಕ್ಕೆ ಹೆಸರುಗಳು. ಮನೆಯವರು ತಕ್ಷಣ ಕೇಳುವುದು, "ಗಣಿತಕ್ಕೆ ಇದರಲ್ಲಿ ಯಾವುದು ಒಳ್ಳೇದು?" ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೇಳಿದರೆ ಇದು ಸರಿಯಾದ ಪ್ರಶ್ನೆ. ಆಕ್ಸ್‌ಫರ್ಡ್‌ನಲ್ಲಿ ಈ ಪ್ರಶ್ನೆಗೆ ಹೆಚ್ಚು ಅರ್ಥವಿಲ್ಲ. ಯಾಕೆಂದರೆ ಕಾಲೇಜು ಮತ್ತು ವಿಶ್ವವಿದ್ಯಾಲಯದ ನಡುವಿನ ಸಂಬಂಧವೇ ಅಲ್ಲಿ ಬೇರೆ.

ನಮ್ಮ ತಲೆಯಲ್ಲಿರುವ ಚಿತ್ರ ಇದು: ಮೇಲೆ ವಿಶ್ವವಿದ್ಯಾಲಯ, ಕೆಳಗೆ ಅದರ ಸಂಯೋಜಿತ ಕಾಲೇಜುಗಳು. ಪಠ್ಯಕ್ರಮ ಮೇಲಿನಿಂದ ಬರುತ್ತದೆ, ಪಾಠ ಕಾಲೇಜಿನಲ್ಲಿ ನಡೆಯುತ್ತದೆ, ಪ್ರಶ್ನೆಪತ್ರಿಕೆ ಮತ್ತೆ ಮೇಲಿನಿಂದ ಬರುತ್ತದೆ. ಪ್ರತಿ ವರ್ಷ ಅಫಿಲಿಯೇಷನ್ ನವೀಕರಣ, ತಪಾಸಣಾ ತಂಡ, ಕುಲಸಚಿವರ ಸುತ್ತೋಲೆ. ಇದು ಬ್ರಿಟಿಷರಿಂದ ಬಂದದ್ದೇ, ಆದರೆ ಆಕ್ಸ್‌ಫರ್ಡ್‌ನಿಂದ ಬಂದದ್ದಲ್ಲ. 1836ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾಲಯ ಆರಂಭದಲ್ಲಿ ಪಾಠವನ್ನೇ ಹೇಳುತ್ತಿರಲಿಲ್ಲ. ಬೇರೆ ಕಾಲೇಜುಗಳಲ್ಲಿ ಓದಿದವರಿಗೆ ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ಅದರ ಕೆಲಸ. 1857ರಲ್ಲಿ ಕಲಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳನ್ನು ಕಟ್ಟಿದ್ದು ಈ ಮಾದರಿಯಲ್ಲಿ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಪರೀಕ್ಷೆಗೆ ಮದ್ರಾಸಿನ ಕಡೆಯೇ ನೋಡಬೇಕಿತ್ತು.

ಆಕ್ಸ್‌ಫರ್ಡ್‌ನಲ್ಲಿ ಮೇಲೆ-ಕೆಳಗೆ ಎಂಬುದಿಲ್ಲ. ವಿಶ್ವವಿದ್ಯಾಲಯ ಒಂದು ಸಂಸ್ಥೆ. ಅದನ್ನು ಕಾನೂನಿನ ಪ್ರಕಾರ ಒಂದು ನಿಗಮವೆಂದು ಮಾಡಿದ್ದು 1571ರ ಶಾಸನ. ಕಾಲೇಜುಗಳು ಪ್ರತಿಯೊಂದೂ ಬೇರೆ ಬೇರೆ ಸಂಸ್ಥೆಗಳು. ಅವುಗಳಿಗೆ ತಮ್ಮದೇ ಆಸ್ತಿ, ತಮ್ಮದೇ ನಿಯಮಾವಳಿ, ತಮ್ಮದೇ ಮುಖ್ಯಸ್ಥರು. ಈಗ ಅಂಥ ಸ್ವತಂತ್ರ ಕಾಲೇಜುಗಳು 36 ಇವೆ. ಜೊತೆಗೆ ಕಾಲೇಜಿನಂತೆಯೇ ನಡೆಯುವ ಆದರೆ ವಿಶ್ವವಿದ್ಯಾಲಯದ ಒಳಗೇ ಇರುವ ಮೂರು ಸೊಸೈಟಿಗಳು, ಕ್ರೈಸ್ತ ಪಂಥಗಳು ಸ್ಥಾಪಿಸಿದ ನಾಲ್ಕು ಹಾಲ್‌ಗಳು. ಕುಲಪತಿಗಳು ಒಂದು ಕಾಲೇಜಿಗೆ "ಹೀಗೆ ಮಾಡಿ" ಎಂದು ಸುತ್ತೋಲೆ ಕಳಿಸಲಾರರು. ಕಳಿಸಿದರೂ ಅದು ಗೇಟಿನ ಪಕ್ಕದ ಪೋರ್ಟರನ ಕೋಣೆಯಲ್ಲಿ ಬಹಳ ದಿನ ಕೂತಿರುತ್ತದೆ ಅನ್ನಿ.

ಹಾಗಾದರೆ ಕೆಲಸ ಹಂಚಿಕೊಂಡಿರುವುದು ಹೇಗೆ? ಪದವಿ ವಿದ್ಯಾರ್ಥಿಯನ್ನು ಆಯ್ಕೆ ಮಾಡುವುದು ಕಾಲೇಜು. ಸಂದರ್ಶನ ನಡೆಸುವವರು ಕಾಲೇಜಿನ ಟ್ಯೂಟರ್‌ಗಳು. ಕೋಣೆ, ಊಟದ ಹಾಲ್, ಸಣ್ಣ ಗ್ರಂಥಾಲಯ, ಪ್ರಾರ್ಥನಾ ಮಂದಿರ, ಕಷ್ಟಸುಖ ಕೇಳುವವರು ಎಲ್ಲ ಕಾಲೇಜಿನದು. ಉಪನ್ಯಾಸ, ಪ್ರಯೋಗಾಲಯ, ಬಾಡ್ಲಿಯನ್‌ನಂಥ ದೊಡ್ಡ ಗ್ರಂಥಾಲಯ, ಪಠ್ಯಕ್ರಮ, ಪರೀಕ್ಷೆ, ಪದವಿ ಇವೆಲ್ಲ ವಿಶ್ವವಿದ್ಯಾಲಯದ್ದು. ಗಣಿತದ ಉಪನ್ಯಾಸಕ್ಕೆ ಯಾವ ಕಾಲೇಜಿನವರಾದರೂ 2013ರಲ್ಲಿ ತೆರೆದ ಆಂಡ್ರ್ಯೂ ವೈಲ್ಸ್ ಕಟ್ಟಡಕ್ಕೇ ಹೋಗುತ್ತಾರೆ. ಒಂದೇ ಬೆಂಚಿನಲ್ಲಿ ನಾಲ್ಕು ಕಾಲೇಜಿನವರು ಕೂತಿರುತ್ತಾರೆ, ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. "ಗಣಿತಕ್ಕೆ ಯಾವ ಕಾಲೇಜು" ಎಂಬ ಪ್ರಶ್ನೆ ಅಲ್ಲಿ ಸಲ್ಲದಿರುವುದು ಇದಕ್ಕೇ.

ಆದರೆ ಉಪನ್ಯಾಸ ಅಲ್ಲಿನ ಕಲಿಕೆಯ ನಡುಗಂಬವಲ್ಲ. ಆ ನಡುಗಂಬ ಟ್ಯುಟೋರಿಯಲ್, ಮತ್ತು ಅದು ಕಾಲೇಜಿನದು. ಇತಿಹಾಸದ ವಿದ್ಯಾರ್ಥಿನಿಗೆ ವಾರದ ಮೊದಲಲ್ಲಿ ಒಂದು ಪ್ರಶ್ನೆ ಮತ್ತು ಓದಬೇಕಾದ ಪುಸ್ತಕಗಳ ಪಟ್ಟಿ ಸಿಗುತ್ತದೆ. ಓದಿ, ಸುಮಾರು 2000 ಪದಗಳ ಪ್ರಬಂಧ ಬರೆದು, ಹೇಳಿದ ಹೊತ್ತಿಗೆ ಟ್ಯೂಟರ್‌ನ ಕೋಣೆಗೆ ಹೋಗಬೇಕು. ಜೊತೆಗೆ ಇನ್ನೊಬ್ಬರೋ ಇಬ್ಬರೋ. ಒಂದು ಗಂಟೆ ಆ ಪ್ರಬಂಧದ ಮೇಲೆ ಮಾತು: ಈ ವಾಕ್ಯಕ್ಕೆ ಆಧಾರವೇನು, ಇದಕ್ಕೆ ವಿರುದ್ಧವಾದ ದಾಖಲೆ ಓದಿದೆಯಾ, ಓದಿಲ್ಲದಿದ್ದರೆ ಇಷ್ಟು ಧೈರ್ಯವಾಗಿ ಬರೆದದ್ದು ಹೇಗೆ. ಹಿಂದಿನ ಬೆಂಚು ಎಂಬುದು ಆ ಕೋಣೆಯಲ್ಲಿಲ್ಲ. ವಿಜ್ಞಾನದವರಿಗೆ ಪ್ರಬಂಧದ ಬದಲು ಲೆಕ್ಕಗಳ ಹಾಳೆ. ಒಂದು ಟರ್ಮ್ ಎಂಟೇ ವಾರ. ಮಿಕಲ್ಮಸ್, ಹಿಲರಿ, ಟ್ರಿನಿಟಿ ಎಂದು ವರ್ಷಕ್ಕೆ ಮೂರು. ಆ ಎಂಟು ವಾರದಲ್ಲಿ ಕೆಲವು ವಿಷಯದವರು ಹತ್ತು-ಹನ್ನೆರಡು ಪ್ರಬಂಧ ಬರೆಯುತ್ತಾರೆ.

ಇದರಲ್ಲಿ ಹೊರಗಿನವರ ಕಣ್ಣಿಗೆ ಸುಲಭಕ್ಕೆ ಬೀಳದ ಒಂದು ಅಂಶವಿದೆ. ಆ ವಾರದ ಪ್ರಬಂಧಗಳಿಗೆ ಟ್ಯೂಟರ್ ಏನೇ ಅಂಕ ಕೊಡಲಿ, ಅದು ಪದವಿಯ ಲೆಕ್ಕಕ್ಕೆ ಸೇರುವುದಿಲ್ಲ. ಕೊನೆಯ ಪರೀಕ್ಷೆ ವಿಶ್ವವಿದ್ಯಾಲಯದ್ದು. ಉತ್ತರ ಪತ್ರಿಕೆಯ ಮೇಲೆ ಹೆಸರಿಲ್ಲ, ಕಾಲೇಜೂ ಇಲ್ಲ, ಸಂಖ್ಯೆ ಮಾತ್ರ. ಹಾಗಾಗಿ ಟ್ಯೂಟರ್ ಮತ್ತು ವಿದ್ಯಾರ್ಥಿ ಒಂದೇ ಪಕ್ಷ, ಪರೀಕ್ಷೆ ಎದುರು ಪಕ್ಷ. ತಪ್ಪು ವಾದವನ್ನು ಕೂಡ ಮಂಡಿಸಿ ನೋಡುವ ಸಲಿಗೆ ಹುಟ್ಟುವುದು ಇಲ್ಲಿಂದ. ಆಂತರಿಕ ಅಂಕಕ್ಕಾಗಿ ಮೇಷ್ಟ್ರ ಮುಖ ನೋಡುವ ಅಭ್ಯಾಸ ಇರುವ ನಮಗೆ ಇದು ಸಣ್ಣ ವಿಷಯವಲ್ಲ. ಅದೇ ಟ್ಯೂಟರ್ ಬಹುಪಾಲು ವಿಶ್ವವಿದ್ಯಾಲಯದ ಉಪನ್ಯಾಸಕನೂ ಆಗಿರುತ್ತಾನೆ. ಒಂದು ಹುದ್ದೆ, ಇಬ್ಬರು ಯಜಮಾನರು, ಸಂಬಳ ಎರಡೂ ಕಡೆಯಿಂದ ಬಂದು ಸೇರುತ್ತದೆ. ಎರಡು ಸಂಸ್ಥೆಗಳನ್ನು ಕಟ್ಟಿಹಾಕಿರುವ ನಿಜವಾದ ಗಂಟು ಯಾವ ಶಾಸನವೂ ಅಲ್ಲ, ಈ ಜಂಟಿ ನೇಮಕವೇ ಎಂದು ನನ್ನ ಅನಿಸಿಕೆ.

ಸಂಶೋಧನಾ ವಿದ್ಯಾರ್ಥಿಗಳ ದಾರಿ ಬೇರೆ. ಅವರನ್ನು ಆರಿಸುವುದು ವಿಶ್ವವಿದ್ಯಾಲಯದ ವಿಭಾಗ. ಆದರೂ ಯಾವುದಾದರೂ ಕಾಲೇಜಿನ ಸದಸ್ಯತ್ವ ಬೇಕೇ ಬೇಕು. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1940ರ ದಶಕದಲ್ಲಿ ರ್‍ಯಾಡ್‌ಕ್ಲಿಫ್ ಬ್ರೌನ್ ಮತ್ತು ಇವಾನ್ಸ್ ಪ್ರಿಚರ್ಡ್ ಎಂಬ ಮಾನವಶಾಸ್ತ್ರಜ್ಞರ ಕೈಕೆಳಗೆ ಡಿ.ಫಿಲ್. (ಅಲ್ಲಿನ ಪಿಎಚ್.ಡಿ.) ಮಾಡಿ, ನಂತರ ಅಲ್ಲಿಯೇ ಭಾರತೀಯ ಸಮಾಜಶಾಸ್ತ್ರದ ಉಪನ್ಯಾಸಕರಾಗಿದ್ದರು. ಆ ಉಪನ್ಯಾಸಕ ಹುದ್ದೆ ವಿಶ್ವವಿದ್ಯಾಲಯದ್ದು.

ಇಷ್ಟು ಗೋಜಲಿನ ವ್ಯವಸ್ಥೆಯನ್ನು ಯಾರಾದರೂ ಕೂತು ಯೋಜಿಸಿದರೇ? ಇಲ್ಲ. ಆಕ್ಸ್‌ಫರ್ಡ್‌ನಲ್ಲಿ 1096ರ ಹೊತ್ತಿಗೇ ಪಾಠ ನಡೆಯುತ್ತಿತ್ತು. 1167ರಲ್ಲಿ ಎರಡನೇ ಹೆನ್ರಿ ತನ್ನ ಪ್ರಜೆಗಳು ಪ್ಯಾರಿಸ್ಸಿಗೆ ಹೋಗಿ ಓದಕೂಡದೆಂದು ತಡೆದ ಮೇಲೆ ಜನ ಹೆಚ್ಚಾದರು. ಆಗ ಕಾಲೇಜು ಎಂಬುದೇ ಇರಲಿಲ್ಲ. ಹದಿನಾಲ್ಕು-ಹದಿನೈದರ ಹುಡುಗರು ಊರಿನಲ್ಲಿ ಬಾಡಿಗೆಗೆ ಇರುತ್ತಿದ್ದರು, ಇಲ್ಲವೇ ಒಬ್ಬ ಮೇಷ್ಟ್ರು ಮನೆ ಬಾಡಿಗೆಗೆ ಹಿಡಿದು ನಡೆಸುವ ಹಾಲ್‌ಗಳಲ್ಲಿ. ಊರಿನವರಿಗೂ ಇವರಿಗೂ ಬಾಡಿಗೆ, ರೊಟ್ಟಿಯ ಬೆಲೆ, ಮದ್ಯದ ಗುಣಮಟ್ಟ ಎಲ್ಲದರಲ್ಲೂ ಜಗಳ. 1209ರಲ್ಲಿ ಒಬ್ಬ ಹೆಂಗಸಿನ ಸಾವಿಗೆ ಪ್ರತಿಯಾಗಿ ವಿದ್ಯಾರ್ಥಿಗಳನ್ನು ನೇಣಿಗೆ ಹಾಕಿದಾಗ ಹಲವರು ಊರು ಬಿಟ್ಟರು. ಅವರಲ್ಲಿ ಕೆಲವರು ಹೋಗಿ ನೆಲೆಸಿದ ಜಾಗವೇ ಕೇಂಬ್ರಿಜ್. 1355ರ ಫೆಬ್ರುವರಿ 10ರಂದು ಸ್ವಿಂಡಲ್‌ಸ್ಟಾಕ್ ಎಂಬ ಮದ್ಯದಂಗಡಿಯಲ್ಲಿ ವೈನ್ ಚೆನ್ನಾಗಿಲ್ಲ ಎಂದು ಶುರುವಾದ ಮಾತು ಮೂರು ದಿನದ ಕಾಳಗವಾಯಿತು. ವಿಶ್ವವಿದ್ಯಾಲಯದ ಕಡೆಯವರೇ 63 ಮಂದಿ ಸತ್ತರೆಂದು ಲೆಕ್ಕ. ರಾಜ ತೀರ್ಪು ಕೊಟ್ಟದ್ದು ವಿಶ್ವವಿದ್ಯಾಲಯದ ಪರ. ಊರಿನ ಮೇಯರ್ ಮತ್ತು ಮುಖಂಡರು ಪ್ರತಿ ವರ್ಷ ಆ ದಿನ ಚರ್ಚಿಗೆ ನಡೆದುಹೋಗಿ, ತಲೆಗೊಂದರಂತೆ 63 ಪೆನ್ನಿ ತೆರಬೇಕು. ಇದು ನಿಂತದ್ದು 1825ರಲ್ಲಿ! ಆಕ್ಸ್‌ಫರ್ಡ್ ಕಾಲೇಜುಗಳು ಬೀದಿಗೆ ಎತ್ತರದ ಗೋಡೆಯನ್ನೂ ಒಂದೇ ಒಂದು ದೊಡ್ಡ ಬಾಗಿಲನ್ನೂ ತೋರಿಸಿ, ಹುಲ್ಲಿನ ಅಂಗಳವನ್ನು ಒಳಗಿಟ್ಟುಕೊಂಡಿರುವುದಕ್ಕೆ ಸೌಂದರ್ಯವೊಂದೇ ಕಾರಣವಲ್ಲ.

ಕಾಲೇಜಿನ ಮಾದರಿ ಸ್ಪಷ್ಟವಾದದ್ದು 1264ರಲ್ಲಿ. ರಾಜನ ಚಾನ್ಸಲರ್ ಆಗಿದ್ದ ವಾಲ್ಟರ್ ಡಿ ಮರ್ಟನ್ ಸರ್ರೆ ಪ್ರಾಂತ್ಯದ ಎರಡು ಜಹಗೀರುಗಳನ್ನು ಓದುವವರ ಜೀವನಕ್ಕೆಂದು ಬಿಟ್ಟುಕೊಟ್ಟು, ಆಡಳಿತದ ಕಟ್ಟಳೆಗಳನ್ನೂ ಬರೆಸಿದ. ಮರ್ಟನ್ ಕಾಲೇಜಿಗೆ ಅವನದೇ ಹೆಸರು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಮಠ: ದಾನಿ ಬಿಟ್ಟ ಉಂಬಳಿ, ಅದರ ಹುಟ್ಟುವಳಿಯಲ್ಲಿ ಊಟ-ವಸತಿ-ವಿದ್ಯೆ, ದಾನಿಯ ಹೆಸರಲ್ಲಿ ಪ್ರಾರ್ಥನೆ, ಅವನ ವಂಶದವರಿಗೆ ಮೊದಲ ಮಣೆ. ಆದರೆ ಮರ್ಟನ್ ಸನ್ಯಾಸಿಗಳನ್ನು ದೂರವಿಟ್ಟ, ಮತ್ತು ಅಧಿಕಾರ ಗುರುವಿನಿಂದ ಶಿಷ್ಯನಿಗೆ ಇಳಿಯುವಂತೆ ಮಾಡಲಿಲ್ಲ. ಕಾಲೇಜಿನ ಫೆಲೋಗಳೆಲ್ಲ (ಅಂದರೆ ಅದರ ಸದಸ್ಯ ವಿದ್ವಾಂಸರೆಲ್ಲ) ಸೇರಿದರೆ ಅದೇ ಕಾಲೇಜು, ಅವರೇ ಆಸ್ತಿಯ ಒಡೆಯರು, ಹೊಸ ಫೆಲೋಗಳನ್ನು ಆರಿಸುವವರೂ ಅವರೇ. ಇಂದಿಗೂ ಹೆಚ್ಚುಕಡಿಮೆ ಹಾಗೇ ನಡೆದಿದೆ. ಮುಖ್ಯಸ್ಥನನ್ನು ಸಾಮಾನ್ಯವಾಗಿ ಫೆಲೋಗಳೇ ಚುನಾಯಿಸುತ್ತಾರೆ. ಆ ಹುದ್ದೆಗೆ ಬೇಲಿಯಲ್‌ನಲ್ಲಿ ಮಾಸ್ಟರ್, ಮರ್ಟನ್‌ನಲ್ಲಿ ವಾರ್ಡನ್, ಓರಿಯಲ್‌ನಲ್ಲಿ ಪ್ರೊವೊಸ್ಟ್, ಲಿಂಕನ್‌ನಲ್ಲಿ ರೆಕ್ಟರ್, ಸೋಮರ್‌ವಿಲ್‌ನಲ್ಲಿ ಪ್ರಿನ್ಸಿಪಾಲ್ ಎಂದು ಹೆಸರು. ಕೆಲಸ ಒಂದೇ.

ಯಾವುದು ಎಲ್ಲಕ್ಕಿಂತ ಹಳೆಯದು ಎಂಬ ವ್ಯಾಜ್ಯ ಇನ್ನೂ ಮುಗಿದಿಲ್ಲ. ಯೂನಿವರ್ಸಿಟಿ ಕಾಲೇಜಿಗೆ 1249ರಲ್ಲಿ ದತ್ತಿಯ ಹಣ ಬಂತು, ಬೇಲಿಯಲ್ 1263ರಲ್ಲಿ ಶುರುವಾಯಿತು, ಮರ್ಟನ್‌ಗೆ 1264ರಲ್ಲಿ ಕಟ್ಟಳೆ ಸಿಕ್ಕಿತು. ಹಣ, ಮನೆ, ಕಟ್ಟಳೆ, ಇವುಗಳಲ್ಲಿ ಯಾವುದನ್ನು ಹುಟ್ಟು ಎಂದು ಹಿಡಿಯುತ್ತೀರಿ ಎಂಬುದರ ಮೇಲೆ ಉತ್ತರ. ಯೂನಿವರ್ಸಿಟಿ ಕಾಲೇಜಿನವರು ಇದೂ ಸಾಲದೆಂದು ತಮ್ಮನ್ನು ಸ್ಥಾಪಿಸಿದ್ದು ಒಂಬತ್ತನೇ ಶತಮಾನದ ಆಲ್ಫ್ರೆಡ್ ರಾಜ ಎಂದು ಹೇಳಿಕೊಂಡು, 1872ರಲ್ಲಿ ಸಾವಿರ ವರ್ಷದ ಔತಣವನ್ನೇ ಉಂಡರು. ಸ್ಥಳಪುರಾಣ ಕಟ್ಟುವುದರಲ್ಲಿ ನಾವು ಒಬ್ಬರೇ ಅಲ್ಲ.

ಈ ಮೊದಲ ಕಾಲೇಜುಗಳು ಬಹುಮಟ್ಟಿಗೆ ಪದವಿ ಮುಗಿಸಿ ಮುಂದೆ ಓದುವವರಿಗಾಗಿ ಇದ್ದವು. ಎಳೆಯ ಹುಡುಗರು ಇನ್ನೂ ಹಾಲ್‌ಗಳಲ್ಲೇ. ಇದು ಬದಲಾದದ್ದು 1379ರಲ್ಲಿ, ವಿಂಚೆಸ್ಟರ್‌ನ ಬಿಷಪ್ ವಿಲಿಯಂ ಆಫ್ ವೈಕಮ್ ಕಟ್ಟಿದ ನ್ಯೂ ಕಾಲೇಜಿನಿಂದ. (ಆರು ನೂರು ವರ್ಷ ದಾಟಿದರೂ ಅದರ ಹೆಸರು ನ್ಯೂ ಕಾಲೇಜೇ.) ಎಪ್ಪತ್ತು ಮಂದಿ ಒಟ್ಟಿಗೆ ಇರುವ ವ್ಯವಸ್ಥೆ, ಕಿರಿಯರಿಗೂ ಜಾಗ, ಹಿರಿಯ ಫೆಲೋಗಳು ಕಿರಿಯರಿಗೆ ಒಳಗೇ ಪಾಠ ಹೇಳಬೇಕೆಂಬ ನಿಯಮ. ಪ್ರಾರ್ಥನಾ ಮಂದಿರ, ಊಟದ ಹಾಲ್, ಕೋಣೆಗಳು ಒಂದೇ ಚೌಕದ ಸುತ್ತ. ಟ್ಯುಟೋರಿಯಲ್‌ನ ಬೀಜ ಇಲ್ಲಿದೆ. ನಂತರದ ಎರಡು ಶತಮಾನಗಳಲ್ಲಿ ಶುಲ್ಕ ಕೊಟ್ಟು ಓದುವ ಹುಡುಗರು ಕಾಲೇಜುಗಳಿಗೆ ತುಂಬಿಕೊಂಡರು. ಆಸ್ತಿಯಿಲ್ಲದ ಬಾಡಿಗೆ ಹಾಲ್‌ಗಳು ಒಂದೊಂದಾಗಿ ಮುಚ್ಚಿದವು. ಸೇಂಟ್ ಎಡ್ಮಂಡ್ ಹಾಲ್ ಒಂದು ಮಾತ್ರ ಹಾಗೂಹೀಗೂ ಉಳಿದು 1957ರಲ್ಲಿ ಕಾಲೇಜಾಯಿತು.

ಹೀಗೆ ಕಾಲೇಜುಗಳು ಎಷ್ಟು ಬಲಿತವೆಂದರೆ, ವಿಶ್ವವಿದ್ಯಾಲಯ ಬಹಳ ಕಾಲ ಅವುಗಳ ನೆರಳಿನಂತಿತ್ತು. ಕುಲಪತಿ ಹುದ್ದೆ 1960ರ ದಶಕದವರೆಗೂ ಕಾಲೇಜು ಮುಖ್ಯಸ್ಥರ ನಡುವೆ ಸರದಿಯಂತೆ ತಿರುಗುತ್ತಿತ್ತು. ಪಲ್ಲಟ ತಂದದ್ದು ವಿಜ್ಞಾನ. ಲ್ಯಾಟಿನ್ ಕಲಿಸಲು ಒಂದು ಕೋಣೆ, ಇಬ್ಬರು ಮನುಷ್ಯರು ಸಾಕು. ರಸಾಯನಶಾಸ್ತ್ರಕ್ಕೆ ಅದು ಸಾಲದು. ಕೆಲವು ಕಾಲೇಜುಗಳು ತಮ್ಮದೇ ಪ್ರಯೋಗಾಲಯ ಇಟ್ಟುಕೊಂಡು ನೋಡಿದವು. ಬೇಲಿಯಲ್ ಮತ್ತು ಟ್ರಿನಿಟಿ ಕೂಡಿ ನಡೆಸುತ್ತಿದ್ದದ್ದು 1941ರವರೆಗೂ ಇತ್ತು. ಆದರೆ ಯಂತ್ರಗಳು ದೊಡ್ಡದಾದಂತೆ ಹಣವೂ ಅಧಿಕಾರವೂ ವಿಶ್ವವಿದ್ಯಾಲಯದ ಕಡೆ ಸರಿದವು.

ಕಾಲೇಜಿನ ಕೈಯಲ್ಲಿ ಏನಿದೆ, ವಿಶ್ವವಿದ್ಯಾಲಯದ ಕೈಯಲ್ಲಿ ಏನಿದೆ ಎಂಬ ಗೆರೆ ಒಬ್ಬರ ಬದುಕಿನ ಮೇಲೆ ಹೇಗೆ ಬೀಳುತ್ತದೆ ಎಂದು ನೋಡಬೇಕಾದರೆ ಭಾರತದ ಮೊದಲ ವಕೀಲೆ ಎನಿಸಿಕೊಂಡ ಕಾರ್ನೀಲಿಯಾ ಸೊರಾಬ್ಜಿಯನ್ನು ನೋಡಬೇಕು. ಮಹಿಳೆಯರಿಗಾಗಿ ಲೇಡಿ ಮಾರ್ಗರೆಟ್ ಹಾಲ್ ಮತ್ತು ಸೋಮರ್‌ವಿಲ್ 1879ರಲ್ಲಿ ಬಾಗಿಲು ತೆರೆದಿದ್ದವು. ಹಾಗೆ ತೆರೆಯಲು ವಿಶ್ವವಿದ್ಯಾಲಯ ಮಹಿಳೆಯರನ್ನು ಸದಸ್ಯರೆಂದು ಒಪ್ಪುವವರೆಗೆ ಅವು ಕಾಯಬೇಕಾಗಿರಲಿಲ್ಲ. ಮನೆ, ಹಣ, ಪಾಠ ಹೇಳುವವರು ಇದ್ದರೆ ಸಾಕಿತ್ತು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ್ದ ಸೊರಾಬ್ಜಿ 1889ರಲ್ಲಿ ಸೋಮರ್‌ವಿಲ್‌ಗೆ ಬಂದರು, ಕಾನೂನು ಓದಿದರು, 1892ರಲ್ಲಿ ಬಿ.ಸಿ.ಎಲ್. ಎಂಬ ಕಾನೂನು ಪದವಿಯ ಪರೀಕ್ಷೆ ಬರೆದರು. ಪದವಿ ಸಿಗಲಿಲ್ಲ. ಕಾಲೇಜು ಎಷ್ಟೇ ಬಯಸಿದರೂ ಪದವಿ ಅದರ ಕೈಯಲ್ಲಿರಲಿಲ್ಲ. ಮಹಿಳೆಯರಿಗೂ ಪದವಿ ಎಂದು ವಿಶ್ವವಿದ್ಯಾಲಯ ಒಪ್ಪಿದ್ದು 1920ರಲ್ಲಿ. ಸೊರಾಬ್ಜಿ ಮತ್ತೆ ಬಂದು ತಮ್ಮ ಪದವಿ ಪಡೆದದ್ದು 1922ರಲ್ಲಿ, ಪರೀಕ್ಷೆ ಬರೆದ ಮೂವತ್ತು ವರ್ಷದ ಮೇಲೆ. ಇದರ ಇನ್ನೊಂದು ಮುಖವೂ ಇದೆ. ವಿಶ್ವವಿದ್ಯಾಲಯ ಒಪ್ಪಿದ ಮಾತ್ರಕ್ಕೆ ಪುರುಷರ ಕಾಲೇಜುಗಳ ಬಾಗಿಲು ತೆರೆಯಲಿಲ್ಲ. 1974ರಲ್ಲಿ ಬ್ರೇಸ್‌ನೋಸ್, ಹರ್ಟ್‌ಫರ್ಡ್, ಜೀಸಸ್, ಸೇಂಟ್ ಕ್ಯಾಥರಿನ್ಸ್, ವಾಡಮ್ ಈ ಐದು ಕಾಲೇಜುಗಳು ಮಹಿಳೆಯರನ್ನು ಸೇರಿಸಿಕೊಂಡವು, ಓರಿಯಲ್ 1985ರವರೆಗೆ ಕೂತಿತ್ತು. ಮಹಿಳೆಯರಿಗಷ್ಟೇ ಇದ್ದ ಕೊನೆಯ ಕಾಲೇಜು ಸೇಂಟ್ ಹಿಲ್ಡಾಸ್ ಪುರುಷರಿಗೆ ತೆರೆದದ್ದು 2008ರಲ್ಲಿ. ಸ್ವಾಯತ್ತತೆಯಿಂದ ಮುಂದೆ ಹೋಗುವವರಿಗೆ ಬೇಗ ಹೋಗಲು ಬರುತ್ತದೆ, ಹಿಂದೆ ಉಳಿಯುವವರಿಗೆ ಆರಾಮಾಗಿ ಉಳಿಯಲು ಬರುತ್ತದೆ.

ಎಲ್ಲ ಕಾಲೇಜಿನಲ್ಲೂ ವಿದ್ಯಾರ್ಥಿಗಳಿರಬೇಕೆಂದೂ ಇಲ್ಲ. 1438ರಲ್ಲಿ ಸ್ಥಾಪನೆಯಾದ ಆಲ್ ಸೋಲ್ಸ್ ಪದವಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದಿಲ್ಲ, ಅಲ್ಲಿರುವುದು ಫೆಲೋಗಳು ಮಾತ್ರ. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ, ಹೊರಟಾಗ ವಿದ್ಯಾರ್ಥಿಗಳು ಗಾಡಿಗೆ ತಾವೇ ಹೆಗಲು ಕೊಟ್ಟು ರೈಲು ನಿಲ್ದಾಣಕ್ಕೆ ಎಳೆದೊಯ್ದ ಎಸ್. ರಾಧಾಕೃಷ್ಣನ್ 1936ರಲ್ಲಿ ಆಕ್ಸ್‌ಫರ್ಡ್‌ನ ಪೌರಸ್ತ್ಯ ಧರ್ಮ ಮತ್ತು ನೀತಿಶಾಸ್ತ್ರದ ಸ್ಪಾಲ್ಡಿಂಗ್ ಪ್ರಾಧ್ಯಾಪಕರಾದರು. ಪ್ರಾಧ್ಯಾಪಕ ಪೀಠ ವಿಶ್ವವಿದ್ಯಾಲಯದ್ದು, ಆದರೆ ಅಲ್ಲಿ ಪೀಠಕ್ಕೆ ಒಂದು ಕಾಲೇಜಿನ ಫೆಲೋಗಿರಿ ಅಂಟಿಕೊಂಡಿರುತ್ತದೆ. ಅವರ ಪಾಲಿಗೆ ಅದು ಆಲ್ ಸೋಲ್ಸ್. ಇಪ್ಪತ್ತನೇ ಶತಮಾನದಲ್ಲಿ ನಫೀಲ್ಡ್, ಸೇಂಟ್ ಆಂಟನೀಸ್, ವುಲ್ಫ್‌ಸನ್‌ನಂಥ ಕಾಲೇಜುಗಳು ಸ್ನಾತಕೋತ್ತರದವರಿಗಾಗಿಯೇ ಹುಟ್ಟಿದವು. ಮನಮೋಹನ ಸಿಂಗ್ ಡಿ.ಫಿಲ್. ಮಾಡಿದ್ದು ನಫೀಲ್ಡ್‌ನಲ್ಲಿ.

1949ರಲ್ಲಿ ಗಿಲ್ಬರ್ಟ್ ರೈಲ್ ಎಂಬ ಆಕ್ಸ್‌ಫರ್ಡ್ ತತ್ತ್ವಜ್ಞಾನಿ ಒಂದು ಉದಾಹರಣೆ ಕೊಟ್ಟ. ಕಾಲೇಜು, ಗ್ರಂಥಾಲಯ, ಆಟದ ಬಯಲು, ಕಚೇರಿ ಎಲ್ಲ ನೋಡಿ ಮುಗಿಸಿದ ಅತಿಥಿ "ಸರಿ, ವಿಶ್ವವಿದ್ಯಾಲಯ ಎಲ್ಲಿ?" ಎಂದು ಕೇಳುತ್ತಾನೆ. ನೋಡಿದ್ದೆಲ್ಲ ಸೇರಿಕೊಂಡಿರುವ ಬಗೆಯೇ ವಿಶ್ವವಿದ್ಯಾಲಯ, ಅದು ಪಕ್ಕದಲ್ಲಿ ನಿಂತ ಇನ್ನೊಂದು ವಸ್ತುವಲ್ಲ ಎಂಬುದು ರೈಲ್‌ನ ವಾದ. ತತ್ತ್ವಶಾಸ್ತ್ರಕ್ಕೆ ಒಳ್ಳೆಯ ಉದಾಹರಣೆ. ಲೆಕ್ಕಪತ್ರ ನೋಡುವವರು ಮಾತ್ರ ಒಪ್ಪಲಾರರು: ವಿಶ್ವವಿದ್ಯಾಲಯಕ್ಕೆ ತನ್ನದೇ ಬ್ಯಾಂಕ್ ಖಾತೆಯಿದೆ, ತನ್ನದೇ ಮುದ್ರಣಾಲಯವಿದೆ, ಕಾಲೇಜುಗಳ ಜೊತೆ ಹಣದ ಚೌಕಾಶಿಯೂ ಇದೆ.

ಚೌಕಾಶಿ ಏಕೆಂದರೆ ಕಾಲೇಜುಗಳ ನಡುವೆ ಅಂತರ ದೊಡ್ಡದು. ಸೇಂಟ್ ಜಾನ್ಸ್ ಬಹಳ ಶ್ರೀಮಂತ. ಉತ್ತರ ಆಕ್ಸ್‌ಫರ್ಡ್‌ನ ಬಡಾವಣೆಗಳು ಎದ್ದದ್ದು ಅದರ ಜಮೀನಿನ ಮೇಲೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಫೆಲೋಗಳು ಮದುವೆಯಾಗಬಾರದೆಂಬ ನಿಯಮ ಸಡಿಲಾದಾಗ ಸಂಸಾರಸ್ಥರಾದ ಹಲವು ಮೇಷ್ಟ್ರುಗಳು ಮನೆ ಮಾಡಿದ್ದೂ ಅಲ್ಲೇ. ತಡವಾಗಿ ಹುಟ್ಟಿದ ಕಾಲೇಜುಗಳಿಗೆ ಇಂಥ ಜಮೀನಿಲ್ಲ. ಹಾಗಾಗಿ ಶ್ರೀಮಂತ ಕಾಲೇಜುಗಳಿಂದ ಒಂದು ಪಾಲು ಎತ್ತಿ ಬಡ ಕಾಲೇಜುಗಳಿಗೆ ಕೊಡುವ ವಂತಿಗೆ ಯೋಜನೆಯೊಂದಿದೆ. ಎಲ್ಲ ಕಾಲೇಜುಗಳು ಕೂತು ಮಾತಾಡಲು ಕಾನ್ಫರೆನ್ಸ್ ಆಫ್ ಕಾಲೇಜಸ್ ಎಂಬ ವೇದಿಕೆಯಿದೆ. ಅಲ್ಲಿ ಚರ್ಚಿಸಬಹುದು, ಒಪ್ಪಂದಕ್ಕೆ ಬರಬಹುದು. ಒಲ್ಲೆ ಎನ್ನುವ ಕಾಲೇಜನ್ನು ಮಣಿಸಲಾಗದು.

ವಿದ್ಯಾರ್ಥಿಗೆ ಈ ಅಂತರ ತಟ್ಟುವುದು ಪಾಠದಲ್ಲಿ ಅಲ್ಲ, ದಿನನಿತ್ಯದಲ್ಲಿ. ಮೂರೂ ವರ್ಷ ಒಳಗೇ ಕೋಣೆ ಸಿಗುತ್ತದೋ ಅಥವಾ ಎರಡನೇ ವರ್ಷ ಹೊರಗೆ ಬಾಡಿಗೆ ಹುಡುಕಬೇಕೋ, ಊಟದ ಬೆಲೆ ಎಷ್ಟು, ಪುಸ್ತಕ ಕೊಳ್ಳಲು ಸಹಾಯಧನ ಇದೆಯೋ, ರಜೆಯಲ್ಲಿ ಊರಿಗೆ ಹೋಗಲಾಗದ ದೂರದ ದೇಶದವರಿಗೆ ಕೋಣೆ ಬಿಟ್ಟುಕೊಡುತ್ತಾರೋ. ಪಟ್ಟಿ ನೋಡುವಾಗ ಕೇಳಬೇಕಾದ ಪ್ರಶ್ನೆಗಳು ಇವು. ಜೊತೆಗೆ ಬೇಕಾದ ವಿಷಯ ಆ ಕಾಲೇಜಿನಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು, ಎಲ್ಲದರಲ್ಲೂ ಎಲ್ಲ ವಿಷಯ ಇರುವುದಿಲ್ಲ. ಪದವಿ ಪರೀಕ್ಷೆಯ ಫಲಿತಾಂಶದ ಮೇಲೆ ಕಾಲೇಜುಗಳನ್ನು ಸಾಲು ನಿಲ್ಲಿಸುವ ನಾರಿಂಗ್ಟನ್ ಪಟ್ಟಿ ಒಂದಿದೆ. ವರ್ಷದಿಂದ ವರ್ಷಕ್ಕೆ ಅದು ಏರುಪೇರಾಗುತ್ತದೆ, ಅದನ್ನು ನಂಬಿ ಕಾಲೇಜು ಆರಿಸುವುದು ವ್ಯರ್ಥ. ಏನೂ ತೋಚದಿದ್ದರೆ ಯಾವ ಕಾಲೇಜನ್ನೂ ಹೆಸರಿಸದೆ ಮುಕ್ತ ಅರ್ಜಿ ಹಾಕಬಹುದು, ಆಗ ಅವರೇ ಒಂದಕ್ಕೆ ಹಂಚುತ್ತಾರೆ. ಹೆಸರಿಸಿದರೂ ಅದೇ ಸಿಗುತ್ತದೆಂದಿಲ್ಲ. ಒಂದು ಕಾಲೇಜಿನಲ್ಲಿ ಜಾಗ ತುಂಬಿ ಇನ್ನೊಂದರಿಂದ ಕರೆ ಬರುವುದು ಅಲ್ಲಿ ಸಾಮಾನ್ಯ. ಅರ್ಜಿಗೆ ಕೊನೆಯ ದಿನ ಅಕ್ಟೋಬರ್ 15, ಕೇಂಬ್ರಿಜ್ ಬಿಟ್ಟರೆ ಉಳಿದ ಬ್ರಿಟಿಷ್ ವಿಶ್ವವಿದ್ಯಾಲಯಗಳ ಹೆಚ್ಚಿನ ಕೋರ್ಸುಗಳಿಗಿಂತ ತಿಂಗಳುಗಟ್ಟಲೆ ಮೊದಲು. ಅದೇ ವರ್ಷ ಕೇಂಬ್ರಿಜ್‌ಗೂ ಪದವಿ ಅರ್ಜಿ ಹಾಕುವಂತಿಲ್ಲ.

ಅಂದಹಾಗೆ, ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರ ದಶಕದ ಆರಂಭದಲ್ಲಿ ಅಲ್ಲಿ ಓದುವಾಗ ಆಕ್ಸ್‌ಫರ್ಡ್ ಯೂನಿಯನ್‌ನ ಅಧ್ಯಕ್ಷರಾಗಿದ್ದರು ಎಂದು ಓದಿರುತ್ತೀರಿ. ಆ ಯೂನಿಯನ್ ಕಾಲೇಜಿನದೂ ಅಲ್ಲ, ವಿಶ್ವವಿದ್ಯಾಲಯದ್ದೂ ಅಲ್ಲ, ತನ್ನದೇ ಕಟ್ಟಡವಿರುವ ಮೂರನೆಯ ಸ್ವತಂತ್ರ ಚರ್ಚಾಕೂಟ. ನಮ್ಮ ವಿದ್ಯಾರ್ಥಿ ಸಂಘದ ಜೊತೆ ಅದನ್ನು ಗೊಂದಲ ಮಾಡಿಕೊಳ್ಳಬಾರದು.

ಹೊಸ ಕಾಲೇಜು ಈಗಲೂ ಹುಟ್ಟುತ್ತದೆಯೇ? 2019ರಲ್ಲಿ ಒಂದು ಹುಟ್ಟಿತು, ಸ್ನಾತಕೋತ್ತರದವರಿಗಾಗಿ. ಮೊದಲು ಪಾರ್ಕ್ಸ್ ಕಾಲೇಜು ಎನ್ನುತ್ತಿದ್ದರು. 2020ರಲ್ಲಿ ರೂಬೆನ್ ಪ್ರತಿಷ್ಠಾನ 80 ಮಿಲಿಯನ್ ಪೌಂಡ್ ಕೊಟ್ಟ ಮೇಲೆ ರೂಬೆನ್ ಕಾಲೇಜಾಯಿತು. ದಾನಿಯ ಹೆಸರು ಕಾಲೇಜಿಗೆ ಬರುವುದು ಮರ್ಟನ್‌ನ ಕಾಲದಿಂದ ನಡೆದು ಬಂದದ್ದೇ. ಆದರೆ ರೂಬೆನ್ ಆ 36ರಲ್ಲಿ ಒಂದಲ್ಲ. ಅದು ಮೊದಲು ಹೇಳಿದ ಮೂರು ಸೊಸೈಟಿಗಳ ಸಾಲಿನಲ್ಲಿದೆ, ಅಂದರೆ ವಿಶ್ವವಿದ್ಯಾಲಯದ ಒಂದು ಭಾಗ. ಆಕ್ಸ್‌ಫರ್ಡ್‌ನಲ್ಲಿ ಕುಲಪತಿಗಳ ಮಾತು ನಡೆಯುವ ಕಾಲೇಜು ಬೇಕಿದ್ದರೆ, ಇಂಥವು ಮೂರೇ ಇವೆ.